ಕೆರೆ ಕೆಳಗಿನ ಮಗ್ಗದ ಮನೆಗಳು

ಲಕ್ಷ್ಮವ್ವಾ, ನಿನ್ನ ಕಾಲ್ಗುಣದಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನೆಲದ್ದು. ಆ ನೆಲ ಒಳ್ಳೆಯದೆಂದು ಊರನ್ನು ನಂಬಿಸಿದವನು ನಾನು — ಮೋಸ ಮಾಡಿ ನಂಬಿಸಿದೆ.

ನಿನಗೆ ಓದಲು ಬರುವುದಿಲ್ಲ, ಗೊತ್ತು. ನಾಯಕನಹಟ್ಟಿಯ ನಿನ್ನ ತವರಿಗೆ ಬಂದು ಇದನ್ನು ನಾನೇ ಓದಿ ಹೇಳಬೇಕೆಂದು ಬರೆಯುತ್ತಿದ್ದೇನೆ. ಬರೀ ಬಾಯಿಮಾತಾದರೆ ನಾನು ನುಣುಚಿಕೊಳ್ಳುತ್ತೇನೆ. ಹನ್ನೆರಡು ವರ್ಷ ಅದನ್ನೇ ಮಾಡಿದ್ದೇನೆ.

ನೀನು ಮದುವೆಯಾಗಿ ಮೊಳಕಾಲ್ಮೂರಿಗೆ ಬರುವ ಹಿಂದಿನ ವರ್ಷ ಊರಿಗೆ ಪ್ಲೇಗು ಬಿದ್ದಿತ್ತು. ನೇಕಾರರ ಕೇರಿಯಲ್ಲಿ ಮನೆಗೊಂದು ಹೆಣ. ಕೇರಿಯ ಹೊರಗಿದ್ದ ನನ್ನ ಮನೆಯಲ್ಲೂ ಹಿರಿಯ ಮಗಳು ಹೋದಳು. ಕೇರಿಯ ಗೂಡುಮನೆಗಳನ್ನು ಕೆಡವಿ, ಬಡ ನೇಕಾರರಿಗೆ ಊರಾಚೆ ಹೊಸ ಮನೆ ಕಟ್ಟಿಸಬೇಕೆಂದು ಸರ್ಕಾರದ ಹುಕುಂ ಬಂತು. ಚಳ್ಳಕೆರೆಯಿಂದ ಬಂದ ಅಧಿಕಾರಿ ಎರಡು ಜಾಗ ತೋರಿಸಿದರು: ಒಂದು ನೀರು ನಿಲ್ಲದ ಮೊರಬಿನ ದಿಣ್ಣೆ, ಇನ್ನೊಂದು ಕೆರೆ ಏರಿಯ ಕೆಳಗಿನ ಎರೆನೆಲ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಎಂದರು. ಜನ ನನ್ನ ಕಡೆ ತಿರುಗಿದರು. ನಮ್ಮದು ನೆಲ ನೋಡಿ ಪಾಯ ಹಾಕುವ ಮನೆತನವಲ್ಲವೇ?

ನೆಲ ನೋಡುವುದು ದೊಡ್ಡ ವಿದ್ಯೆಯೇನಲ್ಲ. ಮೊಳದುದ್ದ, ಮೊಳದಗಲ, ಮೊಳದಾಳದ ಗುಂಡಿ ತೋಡಿ ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಮನೆ ಕಟ್ಟಬಹುದು. ಸಾಲದಿದ್ದರೆ ಕಟ್ಟಬಾರದು. ನಮ್ಮ ಅಜ್ಜನ ಕಾಲದಿಂದ ಈ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ಬೆಳಿಗ್ಗೆ ಎರಡೂ ಕಡೆ ಗುಂಡಿ ತೋಡಿ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿದೆ. ಬಿಸಿಲೇರಿದಾಗ ಎಲ್ಲರೂ ಬುತ್ತಿ ಬಿಚ್ಚಲು ಬೇವಿನ ಮರದ ಕೆಳಗೆ ಹೋದರು. ನಾನು ಹೋಗಲಿಲ್ಲ. ದಿಣ್ಣೆಯ ಗುಡ್ಡೆಯಿಂದ ಒಂದು ಮಂಕರಿ ಮಣ್ಣು ತೆಗೆದು ಪೊದೆಯ ಹಿಂದೆ ಸುರಿದೆ. ಕೆಳಗಿಳಿದು, ಪಕ್ಕದ ಹೊಲದ ಎರೆಮಣ್ಣನ್ನು ಅಲ್ಲಿನ ಗುಡ್ಡೆಗೆ ಒಂದು ಮಂಕರಿ ಸೇರಿಸಿದೆ. ಅಷ್ಟೇ ನಾನು ಮಾಡಿದ್ದು. ಊಟ ಮುಗಿಸಿ ಬಂದವರ ಎದುರಿಗೆ ಎರಡೂ ಗುಂಡಿ ತುಂಬಿದೆ. ದಿಣ್ಣೆಯಲ್ಲಿ ಮಣ್ಣು ಸಾಲಲಿಲ್ಲ, ಕೆರೆ ಕೆಳಗೆ ಮಿಕ್ಕಿತು. ನಿನ್ನ ಅತ್ತೆ ನಾಗಮ್ಮ ಆ ಮಿಕ್ಕ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಯಾಕೆ ಮಾಡಿದೆ? ದಿಣ್ಣೆ ನನಗೆ ಬೇಕಿತ್ತು. ಗಾಳಿ, ಬೆಳಕು, ಒಣನೆಲ — ಉಳಿದ ಒಬ್ಬ ಮಗಳನ್ನಾದರೂ ಅಲ್ಲಿ ಸಾಕಬೇಕೆಂಬ ಆಸೆ. ದಿಣ್ಣೆಯಲ್ಲಿ ಎಲ್ಲರಿಗೂ ಜಾಗವಿತ್ತಲ್ಲ ಎಂದು ನೀನು ಕೇಳಬಹುದು. ಇತ್ತು. ಆದರೆ ಪ್ಲೇಗು ಹೊಕ್ಕ ಕೇರಿಯವರು ನನ್ನ ಮನೆಗೆ ಹತ್ತಿರ ಇರಬಾರದೆಂದು... ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆರು ತಿಂಗಳಾದ ಮೇಲೆ, ಯಾರಿಗೂ ಬೇಡವಾದ ಆ ದಿಣ್ಣೆಯನ್ನು ಅರ್ಜಿ ಹಾಕಿ ಪಡೆದುಕೊಂಡೆ. ಕೆಟ್ಟ ನೆಲದಲ್ಲಿ ಮನೆ ಕಟ್ಟಿದ ಗಂಡೆದೆಯವನೆಂದು ಜನ ನನ್ನನ್ನು ಹೊಗಳಿದರು, ನಾನೂ ಹೊಗಳಿಸಿಕೊಂಡೆ.

ನೀನು ಬಂದ ವರ್ಷ ಮುಂಗಾರು ಚೆನ್ನಾಗಿ ಆಯಿತು. ಕೆರೆ ತುಂಬಿತು, ಏರಿಯ ಕೆಳಗೆ ನೀರು ಜಿನುಗಿತು. ನೇಕಾರರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ನಿನ್ನ ಗಂಡ ಈರಣ್ಣ ಮಗ್ಗಕ್ಕೆ ಹಾಕಿದ್ದ ರೇಷ್ಮೆ ಹಾಸಿನ ನೂಲಿಗೆ ಬೂಷ್ಟು ಹಿಡಿಯಿತು, ಗೋಡೆ ಬಾಯಿಬಿಟ್ಟಿತು. ಸಾಲಿನ ಎಲ್ಲ ಮನೆಗಳದೂ ಅದೇ ಪಾಡು. ಒಬ್ಬರು ಬಾಗಿಲ ದಿಕ್ಕನ್ನು ದೂರಿದರು, ಇನ್ನೊಬ್ಬರು ತಪ್ಪಿಹೋದ ಹರಕೆಯನ್ನು ನೆನೆದರು. ನೆಲವನ್ನು ಯಾರೂ ದೂರಲಿಲ್ಲ, ನಾನು ನೋಡಿಕೊಟ್ಟ ನೆಲವಲ್ಲವೇ! ನಿನ್ನ ಮನೆಯಲ್ಲಿ ಹೊಸದಾಗಿ ಬಂದವಳು ನೀನೊಬ್ಬಳೇ.

ಆ ದಿನ ಊರ ಕಟ್ಟೆಯ ಹತ್ತಿರ ಹಿರಿಯರು ಸೇರಿದ್ದರು. ನಾಗಮ್ಮ ನನ್ನನ್ನೇ ಕೇಳಿದಳು. "ಈ ಹುಡುಗಿ ಕಾಲಿಟ್ಟ ಮ್ಯಾಲೆ ನಮ್ ಮಗ್ಗ ನಿಂತೈತೆ. ನೆಲದಾಗೆ ಏನಾರ ದೋಷ ಐತಾ? ನೀವೇ ಹೇಳ್ರಿ ಅಣ್ಣಾ."

ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಹದಿನೈದರ ಹುಡುಗಿ. ಒಂದು ಮಾತು ಸಾಕಿತ್ತು — ಒಂದೇ ಮಾತು.

"ನೆಲದಾಗೆ ಏನೂ ದೋಷ ಇಲ್ಲ" ಎಂದೆ.

ನೀನು ತಲೆ ತಗ್ಗಿಸಿ ನಿನ್ನ ಪಾದಗಳನ್ನೇ ನೋಡಿಕೊಂಡೆ. ಮಾರನೆಯ ದಿನ ನಿನ್ನಪ್ಪ ಬಂದು ನಿನ್ನನ್ನು ಕರೆದುಕೊಂಡು ಹೋದ. ವರ್ಷ ತುಂಬುವುದರೊಳಗೆ ಈರಣ್ಣನಿಗೆ ಇನ್ನೊಂದು ಮದುವೆಯಾಯಿತು. ಅವಳು ಬಂದ ಮೇಲಿನ ಮಳೆಗಾಲದಲ್ಲೂ ಗುಂಡಿಯಲ್ಲಿ ನೀರು ನಿಂತಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನನ್ನ ಮಗಳು ಬದುಕಿದಳು, ದಿಣ್ಣೆಯ ಗಾಳಿಯಲ್ಲಿ ಗಟ್ಟಿಮುಟ್ಟಾಗಿ ಬೆಳೆದಳು. ಹೋದ ವರ್ಷ ಅವಳನ್ನು ಗಂಡನ ಮನೆಗೆ ಕಳಿಸುವಾಗ, ಹೊಸಿಲು ದಾಟುತ್ತಿದ್ದ ಅವಳ ಕಾಲು ಕಂಡು, ಕಟ್ಟೆಯ ಹತ್ತಿರ ನೀನು ನೋಡಿಕೊಂಡ ನಿನ್ನ ಪಾದಗಳು ನೆನಪಾದವು.

ಮೊನ್ನೆ ನೇಕಾರರ ಹುಡುಗರು ನಾಲ್ಕು ಜನ ಮನೆಗೆ ಬಂದಿದ್ದರು. ಸಂಸಾರಗಳು ಬೆಳೆದಿವೆ, ಇನ್ನಷ್ಟು ಮನೆಗಳಿಗೆ ಜಾಗ ಕೊಡುತ್ತಾರಂತೆ. "ಅದೇ ಸಾಲಿನ ಪಕ್ಕ ಕೇಳಾನ ಅಂತ ಮಾಡೀವಿ. ನೀವೊಂದ್ ಸಲ ಗುಂಡಿ ತೋಡಿ ನೋಡಿಬಿಡ್ರಿ, ನಮಗಷ್ಟೇ ಸಾಕು" ಎಂದರು. ಕೆರೆ ತುಂಬಿದಾಗೆಲ್ಲ ಮಗ್ಗದ ಗುಂಡಿಗೆ ನೀರು ನುಗ್ಗಿದರೂ ನನ್ನ ಮೇಲೆ ಅವರಿಗಿರುವ ನಂಬಿಕೆ ಕಂಡು ಹೆದರಿದೆ. ಆ ಮನೆಗಳಿಗೂ ಸೊಸೆಯಂದಿರು ಬರುತ್ತಾರೆ.

ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಬರುವ ಸೋಮವಾರ, ಊರೆಲ್ಲ ಸೇರಿದಾಗ, ಅಂದಿನ ಅದೇ ಜಾಗಗಳಲ್ಲಿ ಎರಡು ಗುಂಡಿ ತೋಡುತ್ತೇನೆ. ಈ ಸಲ ಮಣ್ಣಿನ ಗುಡ್ಡೆಯ ಪಕ್ಕ ಊರಿನವರೇ ಕೂರಲಿ. ಕೆರೆ ಕೆಳಗೆ ಮಣ್ಣು ಸಾಲುವುದಿಲ್ಲ. ಅಂದು ಹೇಗೆ ಮಿಕ್ಕಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದಿಣ್ಣೆಯನ್ನು ಅವರಿಗೆ ಬಿಟ್ಟುಕೊಟ್ಟು ನಾನು ಇಳಿದು ಬರುತ್ತೇನೆ, ಆದರೆ ಅದರಿಂದ ನಿನಗೇನು ಬಂತು? ನಿನ್ನ ಹನ್ನೆರಡು ವರ್ಷ —

ಸೋಮವಾರಕ್ಕೆ ಮುಂಚೆಯೇ ನಿನ್ನಲ್ಲಿಗೆ ಬರುತ್ತೇನೆ, ಕ್ಷಮಿಸೆಂದು ಕೇಳುವುದಕ್ಕಲ್ಲ, ತಾಯಿ. ಇದನ್ನು ಓದಿ ಮುಗಿಸುವ ಮುಂಚೆಯೇ ನೀನು ಬಾಗಿಲು ಹಾಕಿಕೊಂಡರೂ ಸರಿ, ಹೊರಗೆ ನಿಂತು ಕೊನೆಯವರೆಗೆ ಓದುತ್ತೇನೆ. ಆಮೇಲೆ ಮೊಳಕಾಲ್ಮೂರಿಗೆ ಹಿಂದಿರುಗಿ, ಆ ಗುಂಡಿಯ ಮುಂದೆ ನಿಂತು, ನಾಗಮ್ಮನಿಗೆ ಕೇಳಿಸುವಂತೆ ಮೊದಲು ನಿನ್ನ ಹೆಸರು ಹೇಳುತ್ತೇನೆ, ಆಮೇಲೆ ನನ್ನದು.