ಬಾಗಿಲಲ್ಲಿ ಬಿಡಿಸಿದ ಲಾಂಛನ

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣ್ಣಗಾಗಿತ್ತು. ಉಗುರಿನ ಸಂದಿಯಲ್ಲಿ ರಂಗೋಲಿ ಪುಡಿ ಸದಾ ಬೆಳ್ಳಗೆ ಕೂತಿರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಾಜರಿಗೆ ಬೆರಳೊತ್ತುವ ಯಂತ್ರ ಬಂದಾಗ ಅದು ಅವರನ್ನು ಗುರುತಿಸಲೇ ಇಲ್ಲ. "ನಾನು ಬಂದಿಲ್ವಂತೆ. ಹಂಗಾರೆ ಇಷ್ಟೊತ್ತು ಕಸ ಗುಡ್ಸಿದ್ದು ನಿಮ್ಮಜ್ಜಿಯಾ?" ಎಂದು ಆ ಯಂತ್ರವನ್ನೇ ಕೇಳಿದ್ದರು.

ಮಾಗಡಿ ಕಡೆಯ ಒಂದು ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಅವರು ಅಟೆಂಡರ್, ನಾನು ಅತಿಥಿ ಉಪನ್ಯಾಸಕ. ನಾವಿಬ್ಬರೂ ಕಾಯಂ ಅಲ್ಲ. ನಾನು ವರ್ಷಕ್ಕೊಮ್ಮೆ ನವೀಕರಣದ ಆದೇಶಕ್ಕಾಗಿ ನಿರ್ದೇಶಕರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೆ. ಅಕ್ಕ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಬಂದವರು, ಹದಿನೆಂಟು ವರ್ಷದಿಂದ ತಮ್ಮೂರು ಕಲ್ಯದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುತ್ತಿದ್ದರು. "ಒಂದೇ ಒಂದ್ ದಿನ ಪರ್ಮನೆಂಟ್ ಆಗ್ಬುಟ್ಟು ಆಮೇಲ್ ಸತ್ರೂ ಚಿಂತಿಲ್ಲ ಮೇಷ್ಟ್ರೇ" ಎನ್ನುತ್ತಿದ್ದರು. ನಾನು ಮುಖ ಸಣ್ಣ ಮಾಡಿಕೊಂಡು ಕೂತ ದಿನ ಚಹಾ ತಂದಿಟ್ಟು, "ಬಡವಾ ನೀ ಮಡಗ್ದಂಗಿರು ಅಂತಾರೆ. ಮಡಗ್ದೋನೇ ಮರ್ತ್ಬುಟ್ಟವ್ನೆ, ಅದೇ ನಮ್ ಕಷ್ಟ" ಎಂದು ನಗಿಸುತ್ತಿದ್ದರು.

ಹೀಗಿರುವಾಗ ಕೇಂದ್ರ ಕಚೇರಿಯಿಂದ ವಿಶ್ವವಿದ್ಯಾಲಯದ ಲಾಂಛನವನ್ನು ಬಳಸುವ ಬಗೆಗೆ ಒಂದು ಕೈಪಿಡಿ ಬಂತು. ನಮ್ಮ ಲಾಂಛನದಲ್ಲಿ ಉರಿಯುವ ದೀಪ, ತೆರೆದ ಪುಸ್ತಕ, ಸುತ್ತ ರಾಗಿ ತೆನೆ. ಅದನ್ನು ಎಳೆದು ಉದ್ದ ಮಾಡಬಾರದು, ಓರೆ ಮಾಡಬಾರದು, ಹೇಳಿದ ನೀಲಿಯನ್ನೇ ಹಚ್ಚಬೇಕು, ಸುತ್ತ ಇಷ್ಟು ಜಾಗ ಖಾಲಿ ಬಿಡಬೇಕು. ಬೇರೆ ಯಾರಿಗೂ ಬೇಡವಾಗಿದ್ದ ಈ ಕೆಲಸ ನನ್ನ ತಲೆಗೆ ಬಂತು. ಲಾಂಛನದ ನೋಡಲ್ ಅಧಿಕಾರಿ ಅಂತೆ! ಅಧಿಕಾರಿ ಅನ್ನಿಸಿಕೊಂಡಿದ್ದು ಜೀವನದಲ್ಲಿ ಅದೊಂದೇ ಸಲ. ಅಳತೆಪಟ್ಟಿ ಹಿಡಿದು ಎಲ್ಲರ ಪ್ರಾಣ ತಿಂದೆ.

ಅಕ್ಕನೂ ಕೈಪಿಡಿಯ ಚಿತ್ರ ನೋಡಿದರು. "ಇದನ್ನ ಬರ್ದೋನು ರಾಗಿ ಹೊಲ ಕಂಡಿಲ್ಲ ಮೇಷ್ಟ್ರೇ. ತೆನೆ ಹಿಂಗ್ ನೆಟ್ಟಗೆ ನಿಂತ್ಕತದಾ? ಬೆರಳು ಮಡಚ್ದಂಗೆ ಇರ್ತದೆ."

"ತಿದ್ದಂಗಿಲ್ಲ ಅಕ್ಕ."

"ತಿದ್ದಲ್ಲ ಬುಡಿ. ತಪ್ಪೋ ಒಪ್ಪೋ, ಅವ್ರು ಕೊಟ್ಟಂಗೇ ಬರ್ದ್ರೆ ನಮ್ಗೂ ಚೆಂದ" ಎಂದರು.

ಮಾನ್ಯತೆ ಕೊಡುವ ತಂಡ ಬರುವುದಿತ್ತು. ಲಾಂಛನವನ್ನು ರಂಗೋಲಿಯಲ್ಲಿ ಬಿಡಿಸಿ, ಫೋಟೋದಲ್ಲಿ ಕಾಣುವಷ್ಟು ದೊಡ್ಡದಾಗಿರಲಿ ಎಂದರು ನಿರ್ದೇಶಕರು. ಇದೊಂದು ಸಾಂಗವಾಗಿ ನಡೆದರೆ ಕಾಯಂ ಮಾಡಲು ಶಿಫಾರಸು ಬರೆಯುವುದಾಗಿ ಅಕ್ಕನಿಗೆ ಮಾತನ್ನೂ ಕೊಟ್ಟರು. ಅಕ್ಕ ಹಜಾರದ ಕಂಬದ ಪಕ್ಕ ಜಾಗ ನೋಡಿಟ್ಟರು. ನಾನು ಅಳೆದೆ. ಅಲ್ಲಿ ಹೂಕುಂಡಗಳು, ಕುರ್ಚಿಗಳು. ಸುತ್ತ ಬಿಡಬೇಕಾದ ಜಾಗ ಸಿಗುತ್ತಿರಲಿಲ್ಲ. ನಿಯಮದ ಪ್ರಕಾರ ಲಾಂಛನ ಕೂರುವುದು ಮುಂಬಾಗಿಲ ಹಾದಿಯಲ್ಲಿ ಮಾತ್ರ.

"ಬಾಗ್ಲಲ್ಲಿ ಬ್ಯಾಡ ಮೇಷ್ಟ್ರೇ. ದೀಪ, ಪುಸ್ತಕ ಐತೆ, ಯಾರ್ ತುಳೀತಾರೆ?"

"ಕೈಪಿಡಿಯಲ್ಲಿ ಇರೋ ಹಾಗೇ ಆಗಬೇಕು. ಬಾಗಿಲಲ್ಲೇ ಬರೆಯಿರಿ" ಎಂದೆ. ನೆಲದ ಮೇಲೆ ಬರೆಯಬಾರದು ಎಂದು ಕೈಪಿಡಿ ಹೇಳಿರಲಿಲ್ಲ. ಅದನ್ನು ಬರೆದವರಿಗೆ ರಂಗೋಲಿ ಹೊಳೆದೇ ಇರಲಿಲ್ಲವೇನೋ.

ಸಿಬ್ಬಂದಿಯೆಲ್ಲ ಒಳಗೆ ಬಂದ ಮೇಲೆ ಅಕ್ಕ ಬಗ್ಗಿದರು. ಎರಡು ಗಂಟೆ ಸೊಂಟ ಎತ್ತಲಿಲ್ಲ. ಗೋಡೆಯಿಂದ ಗೋಡೆಗೆ ಲಾಂಛನ ತುಂಬಿ, ಎರಡೂ ಬದಿ ಒಂದೊಂದು ಗೇಣು ಖಾಲಿ ಉಳಿಯಿತು. ಅಳೆದೆ. ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಕಾರುಗಳು ಬಂದವು. ತಂಡದ ಹಿರಿಯರು ಮೆಟ್ಟಿಲು ಹತ್ತಿ ಬಂದು ನಿಂತರು. ಶೂ ಬಿಚ್ಚಿದರು, ದೀಪ ನೋಡಿದರು, ಮತ್ತೆ ಶೂ ಹಾಕಿಕೊಂಡರು. ಹೊರಗೆ ಬಿಸಿಲಲ್ಲಿ ಅವರು, ಒಳಗೆ ಹಾರ ಹಿಡಿದು ನಾವು, ನಡುವೆ ಸರಸ್ವತಿ. ಹಿಂಬಾಗಿಲಿನಿಂದ ಕರೆಯೋಣವೆಂದರೆ, ತಂಡದ ಕಣ್ಣಿಗೆ ಬೀಳಬಾರದೆಂದು ಮುರಿದ ಬೆಂಚುಗಳನ್ನೆಲ್ಲ ಅದಕ್ಕೇ ಅಡ್ಡ ಪೇರಿಸಿದ್ದೆವು. ಒಬ್ಬರು ಪೊರಕೆ ತಂದರು, ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಪುಸ್ತಕಕ್ಕೆ ಪೊರಕೆ ಸೋಕಿಸುವ ಗಂಡಸು ನಮ್ಮಲ್ಲಿರಲಿಲ್ಲ. ನಾನಂತೂ ಅಡಕತ್ತರಿಗೆ ಸಿಕ್ಕಿದ ಅಡಕೆಯಾಗಿದ್ದೆ.

"ಏನಾದರೂ ಮಾಡಿ ದಾರಿ ಮಾಡ್ರೀ" ಎಂದು ನಿರ್ದೇಶಕರು ಹಲ್ಲು ಕಚ್ಚಿದರು.

ಅಕ್ಕ ಮಂಡಿಯೂರಿದರು. ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅಂಗೈಯಿಂದ ಪುಡಿಯನ್ನು ಬದಿಗೆ ಸರಿಸುತ್ತಾ ಹೋದರು. ಪುಸ್ತಕ ನಡುವೆ ಸೀಳಿತು, ದೀಪ ಅರ್ಧ ಉಳಿಯಿತು. ಆ ಹಾದಿಯಲ್ಲಿ ಅತಿಥಿಗಳು ಒಳಗೆ ಬಂದರು, ಉಪ್ಪಿಟ್ಟು ಚೆನ್ನಾಗಿದೆ ಎಂದರು.

ಹದಿನೈದು ದಿನಕ್ಕೆ ಕೇಂದ್ರ ಕಚೇರಿಯಿಂದ ಪತ್ರ ಬಂತು. ಸೀಳಿದ ಲಾಂಛನದ ಫೋಟೋ ಯಾರೋ ಕಳಿಸಿದ್ದರು. ಲಾಂಛನವನ್ನು ವಿರೂಪಗೊಳಿಸಿದವರ ಮೇಲೆ ಕ್ರಮ ಕೈಗೊಂಡು ವರದಿ ಮಾಡಿ ಎಂದಿತ್ತು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು. ನನ್ನ ನವೀಕರಣದ ಫೈಲು ಅವರ ಮೇಜಿನ ಮೇಲೇ ಇತ್ತು. ಮನೆಯಲ್ಲಿ ಹೆಂಡತಿ ಬಾಣಂತಿ.

"ಬಾಗಿಲಲ್ಲಿ ಬರೆಯೋಕೆ ಯಾರು ಹೇಳಿದ್ದು?"

ಅಕ್ಕ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ನಾನು ನೆಲ ನೋಡಿದೆ.

"ನಾನೇ ಬರ್ದೆ ಸಾ" ಎಂದರು ಅಕ್ಕ.

ಬರೆದದ್ದು ಯಾರು ಎಂದು ನಿರ್ದೇಶಕರು ಕೇಳಿರಲಿಲ್ಲ. ಆದರೂ ಅವರಿಗೆ ಅಷ್ಟೇ ಸಾಕಾಯಿತು, ನನಗೂ ಸಾಕಾಯಿತು. ಆ ವಾರವೇ ಅಕ್ಕನನ್ನು ಏಜೆನ್ಸಿಗೆ ವಾಪಸ್ ಕಳಿಸಿದರು. ಏಜೆನ್ಸಿಯವರು ಮತ್ತೆ ಎಲ್ಲಿಗೂ ಕಳಿಸಲಿಲ್ಲ. ಹದಿನೆಂಟು ವರ್ಷ ಒಂದು ಹಾಳೆಯಲ್ಲಿ ಮುಗಿಯಿತು. ನನ್ನ ಆದೇಶಕ್ಕೆ ಸಹಿ ಬಿತ್ತು.

ನಾಚಿಕೆ ತಡೆಯಲಾಗದೆ ಎಂಟು ತಿಂಗಳ ಮೇಲೆ ಕಲ್ಯಕ್ಕೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಗು ಹೇಗಿದೆ, ಹಲ್ಲು ಬಂತಾ ಎಂದೆಲ್ಲ ವಿಚಾರಿಸಿದರು. ಸೊಗಡಿನ ಅವರೆ ಎಂದು ಒಂದು ಚೀಲಕ್ಕೆ ಕಾಯಿ ತುಂಬಿದರು. ನಾನು ಹೊರಡಲು ಎದ್ದಾಗ, ಕೈಯಲ್ಲಿದ್ದ ಕಾಯಿ ಬಿಡಿಸುತ್ತಲೇ ಹೇಳಿದರು:

"ಅವತ್ತು ನೀವು ಬಾಯ್ ಬುಡ್ತೀರೇನೋ ಅಂತ ಒಸಿ ಹೊತ್ತು ಕಾದೆ ಮೇಷ್ಟ್ರೇ."

ಸಿಟ್ಟಿಲ್ಲ, ಅಳುವಿಲ್ಲ. ಬಸ್ಸಿಗೆ ಕಾದೆ ಎಂದ ಹಾಗಿತ್ತು. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಚೀಲ ಹಿಡಿದುಕೊಂಡು ಬಸ್ ಹತ್ತಿದೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಸುದ್ದಿ ತಿಳಿಯುವಷ್ಟರಲ್ಲಿ ಹನ್ನೊಂದು ದಿನದ ಕಾರ್ಯವೂ ಮುಗಿದಿತ್ತು. ನಾನು ಇನ್ನೂ ಅದೇ ಕೇಂದ್ರದಲ್ಲಿದ್ದೇನೆ. ಪ್ರತಿ ವರ್ಷ ಅದೇ ಮೇಜಿನ ಮುಂದೆ ನಿಲ್ಲುತ್ತೇನೆ, ಆ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ: ಬಾಗಿಲಲ್ಲಿ ಬರೆಯಲು ಹೇಳಿದ್ದು ನಾನು.