ಲುರ್ಲೀನಳ ಕೋಳಿ

ವೆಲ್ಮರ್ ಟ್ಯಾಡ್‌ಲಾಕ್ ಕರಿದ ಕೋಳಿಯ ತುಂಡನ್ನು ಕಚ್ಚಿದವನೇ ಅಗಿಯುವುದನ್ನು ನಿಲ್ಲಿಸಿದ. ಗರಿಗರಿಯಾದ ಹೊರಪದರ, ಮಜ್ಜಿಗೆಯಲ್ಲಿ ನೆನೆದ ಮಾಂಸದ ತೆಳು ಹುಳಿ, ಕೊನೆಗೆ ನಾಲಿಗೆಯನ್ನು ಚುರುಕ್ಕೆನ್ನಿಸುವ ಖಾರ. ತೀರಿಹೋದ ಹೆಂಡತಿ ಲುರ್ಲೀನಳ ಕೈರುಚಿಯೇ, ಒಂದಿಷ್ಟೂ ಬದಲಿಲ್ಲ.

ಈ ಕೆಫೆಯ ವೀಡಾ ಅದನ್ನು ಕದ್ದಿದ್ದಾಳೆ ಎಂದುಕೊಂಡ.

ಮಿಸಿಸಿಪ್ಪಿಯ ಆ ಪುಟ್ಟ ಊರಿನಲ್ಲಿ ಅವನು ಬದುಕೆಲ್ಲ ಮನೆಮನೆಯ ಕರೆಂಟ್ ಮೀಟರ್ ಓದಿದವನು. ಕರೆಂಟ್ ಕದಿಯಲು ತಂತಿ ತಿರುಚಿದವರು, ಮೀಟರಿನ ಮುಂದೆ ಕಚ್ಚುವ ನಾಯಿ ಕಟ್ಟಿದವರು, ಎಲ್ಲರನ್ನೂ ಕಂಡಿದ್ದ. ನಗುನಗುತ್ತ ಮಾತಾಡಿಸುವವರ ಮೇಲಂತೂ ಇನ್ನೂ ಅನುಮಾನ. ಎಲ್ಲರೂ ಮನೆಯಿಂದ ಅಡುಗೆ ತರುವ ಚರ್ಚಿನ ಊಟದಲ್ಲೂ ಬೇರೆ ಮನೆಯ ಪಾತ್ರೆಗೆ ಕೈಹಾಕುತ್ತಿರಲಿಲ್ಲ. ಲುರ್ಲೀನ್ ಹೋದಮೇಲೆ ಡಬ್ಬಿಯ ಸೂಪು ಕುಡಿದು ಬೇಸತ್ತು ವೀಡಾಳ ಕೆಫೆಗೆ ಮೊದಲ ಸಲ ಕಾಲಿಟ್ಟಿದ್ದ.

ಮರುದಿನವೂ ಬಂದ. ಅದರ ಮರುದಿನವೂ. ಅಡುಗೆಮನೆ ಕಾಣುವ ಕುರ್ಚಿ ಹಿಡಿದು, ವೀಡಾ ಯಾವ ಡಬ್ಬಿ ತೆರೆದಳು, ಹಿಟ್ಟಿಗೆ ಏನು ಸೇರಿಸಿದಳು ಎಂದು ಕಣ್ಣಿಟ್ಟ. ಅವಳು ಬೆನ್ನು ತಿರುಗಿಸಿದರೆ ಬೇಕೆಂದೇ ಮರೆಮಾಡಿದಳು ಎನಿಸುತ್ತಿತ್ತು. ಲುರ್ಲೀನ್ ಹಾಸಿಗೆ ಹಿಡಿದಾಗ ಈಕೆ ನೋಡಲು ಬಂದಿದ್ದಳಲ್ಲ, ನಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳಲ್ಲ!

ಒಂದು ಮಧ್ಯಾಹ್ನ, ಗಿರಾಕಿಗಳು ಕರಗಿದ ಮೇಲೆ, ಕೇಳಿಯೇಬಿಟ್ಟ.

“ಮಿಸ್ ವೀಡಾ, ನಮ್ಮನೆಯವಳ ಕೋಳಿ ನಿಮ್ಮ ಬಾಣಲೆಗೆ ಹೇಗೆ ಬಂತು?”

“ಟ್ಯಾಡ್‌ಲಾಕ್ ಅಣ್ಣ, ಸುಮ್ನೆ ತಿನ್ನಿ. ಆರಿಹೋಗುತ್ತೆ.”

“ಮಾತು ಹಾರಿಸ್ಬೇಡಿ. ಕದ್ರೋ ಇಲ್ವೋ?”

“ಅಯ್ಯೋ, ನಾನ್ಯಾಕೆ ಕದೀಲಿ! ಅವಳೇ ಇಲ್ಲಿಂದ ಒಯ್ತಿದ್ಲು. ಭಾನುವಾರ ಚರ್ಚಿನ ಬಾಗಿಲು ತೆಗೆಯೋಕೆ ನೀವು ಮುಂಚೆ ಹೋಗ್ತಿದ್ರಲ್ಲ, ಆಗ ಹಿಂಬಾಗಿಲಿಗೆ ಬರೋಳು. ನಮ್ಮಮ್ಮ ಈ ಕೆಫೆ ನಡೆಸ್ತಿದ್ದ ಕಾಲದಿಂದ್ಲೂ.”

“ಸುಳ್ಳು! ಅವಳ ಏಪ್ರನ್ ತುಂಬ ಹಿಟ್ಟಿರ್ತಿತ್ತು.”

“ಆ ಹಿಟ್ಟು ಮೆತ್ತಿ ಕಳಿಸ್ತಿದ್ದೋಳು ನಾನೇ.” ವೀಡಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ದನಿ ಇಳಿಸಿದಳು. “ಮದ್ವೆಯಾದ ಹೊಸದ್ರಲ್ಲಿ ಅವಳು ಕರಿದಿದ್ದು ಒಳಗೆ ಹಸಿ ಇತ್ತಂತೆ. ನೀವು ತಟ್ಟೆ ತಳ್ಳಿ ಎದ್ದು ಹೋದ್ರಂತೆ. ಅಮ್ಮನ ಹತ್ರ ಅಳ್ತಾ ಬಂದಿದ್ಲು.”

ವೆಲ್ಮರನಿಗೆ ಆ ತಟ್ಟೆ ನೆನಪೇ ಇರಲಿಲ್ಲ.

“ಕರಿದ ಬೆಂಡೆಕಾಯಿ?”

“ಅದೂ ಇಲ್ಲಿಂದ್ಲೇ.”

“ಮೀನು?”

“ಮೀನೂ ಅಷ್ಟೇ.”

“ಹಾಗಾದ್ರೆ ಅವಳು ಮಾಡ್ತಿದ್ದಿದ್ದಾದ್ರೂ ಏನು?”

“ಮೆಕ್ಕೆಜೋಳದ ಬ್ರೆಡ್ಡು. ಅದನ್ನ ಮಾತ್ರ ನಮ್ಮ ಕೈಲಿ ಮಾಡಿಸ್ಲಿಲ್ಲ. ನನ್ ಗಂಡಂಗೆ ಅದಂದ್ರೆ ಪ್ರಾಣ, ತಟ್ಟೇಲಿ ಚೂರೂ ಬಿಡಲ್ಲ ಅಂತಿದ್ಲು.”

ಆ ಬ್ರೆಡ್ಡನ್ನು ವೆಲ್ಮರ್ ಗುಟ್ಟಾಗಿ ಮೇಜಿನ ಕೆಳಗೆ ಕೂತ ನಾಯಿಗೆ ಹಾಕುತ್ತಿದ್ದ. ಖಾಲಿ ತಟ್ಟೆ ಕಂಡು ಲುರ್ಲೀನ್ ಹಿಗ್ಗಿ ಇನ್ನೊಂದು ತುಂಡು ಬಡಿಸುತ್ತಿದ್ದಳು.

ಅದನ್ನು ವೀಡಾಗೆ ಹೇಳಲು ಬಾಯಿ ಬರಲಿಲ್ಲ. ಮನೆಗೆ ಹೋಗಿ ಮೆಕ್ಕೆಜೋಳದ ಹಿಟ್ಟು ಹುಡುಕಿ ತೆಗೆದು, ತಾನೇ ಬ್ರೆಡ್ಡು ಬೇಯಿಸಲು ನಿಂತ. ಕಲ್ಲಿನಂತಾಯಿತು. ಒಬ್ಬನೇ ಕೂತು ಪೂರ್ತಿ ತಿಂದ.