ಕೈ ತೋರಿದವರಿಗೆಲ್ಲ ನಿಲ್ಲಿಸುತ್ತಿದ್ದ ಡ್ರೈವರ್

ಮೊನ್ನೆ ಬಾರ್ಕೂರಿನಲ್ಲಿ ಬಸ್ಸು ಹತ್ತಿದೊಡನೆ ಹೆಮ್ಮಾಡಿ ಸೇವಂತಿಗೆಯ ವಾಸನೆ ಮೂಗಿಗೆ ಬಡಿಯಿತು. ಡ್ರೈವರನ ಎದುರಿನ ದೇವರ ಪಟಕ್ಕೆ ಮಾಲೆ ಹಾಕಿದ್ದರು. ಅರ್ಧ ಹೂವು, ಅರ್ಧ ಡೀಸೆಲ್... ಇಪ್ಪತ್ತು ವರ್ಷದ ಹಿಂದಿನ ನಮ್ಮ ಬೆಳಗಿನ ಬಸ್ಸು ನೆನಪಾಯಿತು, ಅದರ ಡ್ರೈವರೂ.

ಆಗ ನನಗೆ ಬ್ರಹ್ಮಾವರದ ಒಂದು ಆಫೀಸಿನಲ್ಲಿ ಕೆಲಸ. ಎಂಟೂ ಇಪ್ಪತ್ತರ ಬಸ್ಸು ಆ ಡ್ರೈವರದು. ಹಿಂದಿನ ಬಸ್ಸಿನವರ ಜೊತೆ ದಿನಾ ಟೈಮಿಂಗ್ ಜಗಳ, ಸದಾ ಹಾರನ್ನಿನ ಮೇಲೆ ಅಂಗೈ. ಕೈ ತೋರಿಸುತ್ತ ಓಡಿಬರುವವರನ್ನು ಕನ್ನಡಿಯಲ್ಲಿ ನೋಡಿ ನಗುವ ಆಸಾಮಿ. ಒಳಗೆ ಸೀಟು ಹಿಡಿದು ಕೂತ ನಮಗೂ ಅದು ಹಿತವೇ ಆಗಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಹೊಳೆಬದಿಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಬಸ್ಸು ರಸ್ತೆ ಬಿಟ್ಟು ನೀರಿನತ್ತ ಜಾರಿತು. ಒಂದೇ ಒಂದು ತೆಂಗಿನಮರ ಅದನ್ನು ತಡೆಯಿತು. ಯಾರಿಗೂ ಗೀರು ಗಾಯವೂ ಆಗಲಿಲ್ಲ. ಎಲ್ಲರೂ ಅಳುತ್ತ ದೇವರಿಗೆ ಕೈ ಮುಗಿದೆವು, ಮರುದಿನ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿದೆವು. ಸಂಕಟ ಬಂದಾಗ ವೆಂಕಟರಮಣ. ವಾರ ಕಳೆಯುವುದರೊಳಗೆ ಮೊದಲಿನ ಹಾಗೇ ಆದೆವು.

ಅವರು ಆಗಲಿಲ್ಲ. ಮತ್ತೆ ಸ್ಟೇರಿಂಗ್ ಹಿಡಿದ ದಿನದಿಂದ ಕೈ ತೋರಿದವರಿಗೆಲ್ಲ ನಿಲ್ಲಿಸತೊಡಗಿದರು. ಗದ್ದೆಯಂಚಿನಿಂದ ಯಾರಾದರೂ ಕೂಗಿದರೂ ಬ್ರೇಕು. ಮೀನು ಮಾರುವ ಹೆಂಗಸು ಬಂದರೆ ತಾವೇ ಇಳಿದು ಬುಟ್ಟಿಗೆ ಕೈ ಕೊಡುತ್ತಿದ್ದರು. ಕಂಡಕ್ಟರ್ ಬೊಬ್ಬೆ ಹೊಡೆದರೆ, "ಆ ಮರದ್ ಬುಡ್ದಗೆ ದೇವ್ರ್ ನಮ್ಗೆ ಕಾದ್ಕಂಡ್ ನಿಂತಿದ್ದ. ನಾನ್ ಒಂದ್ ನಿಮ್ಷ ನಿಂತ್ರೆ ಎಂತ ಆತ್ತ್?" ಎನ್ನುತ್ತಿದ್ದರು.

ಏನಾಗುತ್ತದೆ ಎಂದರೆ, ನನಗೆ ವಾರದಲ್ಲಿ ಮೂರು ದಿನ ಆಫೀಸಿಗೆ ತಡವಾಗುತ್ತಿತ್ತು. ಉಳಿದವರಿಗೂ ಹಾಗೇ. ಬಸ್ಸಿನ ಮಾಲೀಕರಿಗೆ ದೂರು ಕೊಡುವುದೆಂದಾಯಿತು. ಅಕ್ಷರ ಚೆಂದವೆಂದು ಬರೆಯಲು ನನ್ನನ್ನೇ ಹಿಡಿದರು. ಬರೆದೆ. ಈ ಚಾಲಕರನ್ನು ಬದಲಾಯಿಸಬೇಕು ಎಂದೇ ಬರೆದೆ. ಸಹಿ ಹಾಕಿದವರೆಲ್ಲ ಆ ದಿನ ಹೊಳೆಬದಿಯಲ್ಲಿ ಬದುಕಿ ಉಳಿದವರು. ನಾಚಿಕೆಗೇಡಿನ ಕೆಲಸ, ಆದರೆ ಆಗ ಹಾಗೆ ಅನಿಸಿರಲಿಲ್ಲ... ಮುಂದಿನ ಸೋಮವಾರ ಹೊಸ ಡ್ರೈವರ್ ಬಂದ. ನಾನು ಆಫೀಸಿಗೆ ನಾಲ್ಕು ನಿಮಿಷ ಮೊದಲೇ ತಲುಪಿದೆ.

ಟೈಮಿಂಗ್ ಕೆಡಿಸುವವನೆಂಬ ಹೆಸರು ಬಿದ್ದ ಮೇಲೆ ಬೇರೆ ಬಸ್ಸಿನವರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಎರಡು ವರ್ಷದ ನಂತರ ಬ್ರಹ್ಮಾವರದ ಸಂತೆಯಲ್ಲಿ ಕಂಡರು, ಬಟಾಟೆ ಮೂಟೆ ಹೊರುತ್ತಿದ್ದರು. ಬೆನ್ನು ಬಾಗಿತ್ತು. ನನ್ನನ್ನು ನೋಡಿ ಮೂಟೆ ಇಳಿಸಿ, "ಹ್ವಾಯ್, ಈಗ ಟೈಮಿಗ್ ಸಮಾ ಮುಟ್ತ್ರಿಯಾ?" ಎಂದರು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ವಿಚಾರಿಸಿದ್ದು. ನಾನು "ಹೂಂ" ಎಂದೆ. ಆ ಕಾಗದ ಬರೆದವಳು ನಾನೇ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಸಂತೆಗೆ ಹೇಳೋಣವೆಂದುಕೊಂಡೆ. ಆ ವಾರವೇ ಮೂಟೆಯ ಪಕ್ಕದಲ್ಲಿ ಕುಸಿದರಂತೆ, ಮತ್ತೆ ಏಳಲಿಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ, ಅಡ್ಡರಸ್ತೆಯಿಂದ ಮುದುಕಿಯೊಬ್ಬಳು ಚೀಲ ಹಿಡಿದು, ಕೈ ಎತ್ತಿ ಬಸ್ಸಿಗಾಗಿ ಓಡಿಬರುತ್ತಿದ್ದಳು. ಕಿಟಕಿಯಿಂದ ನನಗೆ ಚೆನ್ನಾಗಿ ಕಂಡಳು. ಕಂಡಕ್ಟರ್ ಕಂಬಿ ಬಡಿದು, "ಹೋಯ್ಲಿ, ರೈಟ್!" ಎಂದ. ನಾನು 'ನಿಲ್ಲಿಸಿ' ಎನ್ನಬೇಕಿತ್ತು. ರಿಟೈರಾಗಿ ಮೂರು ವರ್ಷವಾಯಿತು, ನನಗೆ ಈಗ ಎಲ್ಲಿಗೂ ತಡವಾಗುವುದಿಲ್ಲ. ಆದರೂ ನನ್ನ ಕಣ್ಣು ಹೋದದ್ದು ಕೈಗಡಿಯಾರಕ್ಕೆ.